ಎಲ್ಲರ ಕಣ್ಣು ಪಾದದ ಮೇಲೆ: ಒಂದು ಹಸುಗೂಸಿನ ಪ್ರಕರಣ

ಮಗು ಹುಟ್ಟಿದ ಒಂದು ಗಂಟೆಯೊಳಗೆ ಮೂಳೆ ಡಾಕ್ಟರಿಗೆ ಫೋನ್ ಹೋಗಿತ್ತು. ಮೂತ್ರದ ತೊಂದರೆ ನೋಡುವ ಮಕ್ಕಳ ಸರ್ಜನ್‌ಗೆ ಫೋನ್ ಹೋಗಿದ್ದು 38 ಗಂಟೆ ಕಳೆದ ಮೇಲೆ. ಆ ಎರಡು ಫೋನ್‌ಗಳ ನಡುವೆ ಏನಾಯಿತು, ಆಮೇಲೆ ಐದು ವರ್ಷ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಸುಗೂಸುಗಳ ವಾರ್ಡಿನ ಡಾಕ್ಟರು. ಮಗುವಿನ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ರೋಗದ ನಡೆಯನ್ನು ಬದಲಿಸಿಲ್ಲ. ನಮ್ಮ ತಪ್ಪನ್ನು ಮುಚ್ಚಿಟ್ಟೂ ಇಲ್ಲ.

ಹುಟ್ಟುವ ಮುಂಚೆ

ತಾಯಿಗೆ 28 ವರ್ಷ. ಎರಡನೇ ಬಸಿರು. ಮೊದಲ ಮಗಳು ಆರೋಗ್ಯವಾಗಿದ್ದಾಳೆ. 20ನೇ ವಾರದ ಸ್ಕ್ಯಾನಿಂಗ್ ವರದಿಯಲ್ಲಿ ಗರ್ಭದ ನೀರು ಸರಿಯಾಗಿದೆ, ಎರಡೂ ಕಿಡ್ನಿ ಕಾಣುತ್ತಿವೆ ಎಂದು ಬರೆದಿತ್ತು. ಪಾದಗಳ ಬಗ್ಗೆ ಒಂದು ಪದವೂ ಇರಲಿಲ್ಲ. 32ನೇ ವಾರದಲ್ಲಿ ಇನ್ನೊಂದು ಸ್ಕ್ಯಾನಿಂಗ್ ಆಯಿತು. ಆಗ ನೀರಿನ ಅಳತೆ, ಅಂದರೆ ಎಎಫ್‌ಐ, 6 ಸೆಂಟಿಮೀಟರ್ ಇತ್ತು. 5ಕ್ಕಿಂತ ಇಳಿದರೆ ನೀರು ತೀರಾ ಕಡಿಮೆ ಎನ್ನುತ್ತೇವೆ. 6 ಅಂದರೆ ಗಡಿಯಲ್ಲಿ ನಿಂತಂತೆ. ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: ಎರಡೂ ಕಿಡ್ನಿಯಲ್ಲಿ ಸ್ವಲ್ಪ ಊತ, ಎರಡು ವಾರ ಬಿಟ್ಟು ಮತ್ತೆ ನೋಡಿ.

ತಾಯಿಗೆ ಅವತ್ತು ಸಿಕ್ಕ ಸಲಹೆ ಒಂದೇ. "ನೀರು ಜಾಸ್ತಿ ಕುಡಿಯಮ್ಮ." ಅವರು ಕುಡಿದರು. ಎರಡು ವಾರದ ನಂತರದ ಸ್ಕ್ಯಾನಿಂಗ್ ಮಾತ್ರ ಆಗಲೇ ಇಲ್ಲ.

ಗರ್ಭದ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಬಹಳ ಜನ ತಾಯಿಯಿಂದ ಎನ್ನುತ್ತಾರೆ. ಮೊದಲ ತಿಂಗಳುಗಳಲ್ಲಿ ಅದು ಹೆಚ್ಚುಕಡಿಮೆ ನಿಜ. ಸುಮಾರು 16ನೇ ವಾರದ ನಂತರ ಆ ನೀರಿನ ಬಹುಪಾಲು ಮಗುವಿನ ಮೂತ್ರವೇ. ಮಗು ನೀರು ನುಂಗುತ್ತದೆ, ಉಚ್ಚೆ ಮಾಡುತ್ತದೆ, ಮತ್ತೆ ನುಂಗುತ್ತದೆ. ಕೇಳಲು ಒಂಥರಾ ಅನ್ನಿಸಬಹುದು, ಆದರೆ ಮಗುವಿನ ಶ್ವಾಸಕೋಶ ಅರಳುವುದೂ ಕೈಕಾಲು ಆಡುವುದೂ ಇದೇ ನೀರಿನಲ್ಲಿ. ತಾಯಿ ನೀರು ಕುಡಿದರೆ ಕೆಲವೊಮ್ಮೆ ಈ ಅಳತೆ ಕೊಂಚ ಏರುತ್ತದೆ, ಸುಳ್ಳಲ್ಲ. ಆದರೆ ಮಗುವಿನ ನಲ್ಲಿಯೇ ಕಟ್ಟಿಕೊಂಡಿದ್ದರೆ ತಾಯಿ ಎಷ್ಟು ಕುಡಿದು ಏನು ಪ್ರಯೋಜನ?

36ನೇ ವಾರದಲ್ಲಿ ಹೆರಿಗೆ ನೋವು ಬಂತು. ಮಗು ತಲೆ ಮೇಲಾಗಿ ಕೂತಿತ್ತು. ನೀರು ಕಡಿಮೆ ಇದ್ದರೆ ಮಗುವಿಗೆ ತಿರುಗಲು ಜಾಗ ಸಾಲುವುದಿಲ್ಲ. ಸಿಸೇರಿಯನ್ ಆಯಿತು. ಗಂಡು ಮಗು, 2.3 ಕಿಲೋ.

ಮೊದಲ 36 ಗಂಟೆ

ಮಗು ಅತ್ತಿತು. ಉಸಿರು ಸ್ವಲ್ಪ ಜೋರಾಗಿತ್ತು, ನಿಮಿಷಕ್ಕೆ 70ರ ಹತ್ತಿರ. ಮೂಗಿಗೆ ಸಿಪ್ಯಾಪ್, ಅಂದರೆ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿಗೆ ನೆರವಾಗುವ ಸಾಧನ, ಹಾಕಿದೆವು. ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಗಾತ್ರ ಪರವಾಗಿಲ್ಲ ಎನ್ನುವಂತಿತ್ತು.

ಆದರೆ ಉಸಿರಿನ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಕಾರಣ ಪಾದಗಳು. ಎರಡೂ ಪಾದ ಒಳಕ್ಕೆ ತಿರುಚಿದ್ದವು. ಅಂಗಾಲುಗಳು ಒಂದನ್ನೊಂದು ನೋಡುತ್ತಿದ್ದವು. ಮಂಡಿಯ ಹೊರಬದಿಯಲ್ಲಿ ಗುಳಿ ಬಿದ್ದಿತ್ತು, ಕೆನ್ನೆಯ ಗುಳಿಯ ಹಾಗೆ. ಎಡ ಸೊಂಟದ ಕೀಲನ್ನು ಅಗಲಿಸಿದಾಗ ಕಟಕ್ ಎಂದು ಕೈಗೆ ತಾಗಿತು. ಕಿವಿಗಳು ತಲೆಗೆ ಒತ್ತಿಕೊಂಡಂತೆ ಚಪ್ಪಟೆಯಾಗಿದ್ದವು. ಗದ್ದ ಸ್ವಲ್ಪ ಒಳಗೆ.

ಅಜ್ಜಿ ಬಟ್ಟೆ ಸರಿಸಿ ಪಾದ ನೋಡಿದವರು ಹಾಗೇ ಮುಚ್ಚಿ ಸುಮ್ಮನಾದರು. ತಂದೆ ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಮಗು ನಡೆಯುತ್ತಾ?" ಮೂಳೆ ಡಾಕ್ಟರು ಬಂದರು, ನೋಡಿದರು, ಸರಿಹೋಗುತ್ತೆ ಎಂದು ಧೈರ್ಯ ಹೇಳಿದರು. ಮೊದಲ ದಿನದ ನನ್ನ ಸ್ವಂತ ಟಿಪ್ಪಣಿಯನ್ನು ಆಮೇಲೆ ತೆಗೆದು ನೋಡಿದೆ. ಪಾದದ ಬಗ್ಗೆ 11 ಸಾಲು ಬರೆದಿದ್ದೇನೆ. ಹೊಟ್ಟೆಯ ಬಗ್ಗೆ ಎರಡೇ ಪದ: "ಹೊಟ್ಟೆ ಮೆದು." ಸರಿಯಾಗಿ ಅದುಮಿ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

32ನೇ ವಾರದ ಆ ಸಣ್ಣ ಅಕ್ಷರದ ಸಾಲು ನಮ್ಮ ಫೈಲಿನಲ್ಲೇ ಇತ್ತು. ಗಂಡು ಮಗು, ಎರಡೂ ಕಿಡ್ನಿಯಲ್ಲಿ ಊತ, ನೀರು ಕಡಿಮೆ. ಈ ಮೂರು ಒಟ್ಟಿಗೆ ಸಿಕ್ಕರೆ ಮೂತ್ರದ ದಾರಿಯಲ್ಲಿ ತಡೆ ಇದೆ ಎಂದೇ ಹಿಡಿದು ಮುಂದುವರಿಯಬೇಕು. ಅದು ಓದಿನಲ್ಲಿ ನಮಗೆಲ್ಲ ಗೊತ್ತು. ಎದುರಿಗೆ ಸೊಟ್ಟ ಪಾದ ಇದ್ದಾಗ ಯಾರಿಗೂ ನೆನಪಾಗಲಿಲ್ಲ.

ಇನ್ನೊಂದು ವಿಷಯವೂ ನಮ್ಮನ್ನು ದಾರಿ ತಪ್ಪಿಸಿತು. ನರ್ಸ್ ಚಾರ್ಟಿನಲ್ಲಿ ನಾಲ್ಕು ಸಲ "ಡೈಪರ್ ಒದ್ದೆ" ಎಂದಿತ್ತು. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವು ಮೊದಲ 24 ಗಂಟೆಯೊಳಗೆ ಉಚ್ಚೆ ಮಾಡುತ್ತವೆ. ಡೈಪರ್ ಒದ್ದೆ ಇದ್ದರೆ ನಮಗೆ ಅಷ್ಟಕ್ಕೇ ಸಮಾಧಾನ. ಆದರೆ ತುಂಬಿ ತುಳುಕುವ ಟ್ಯಾಂಕಿನಿಂದಲೂ ನೀರು ಹನಿಯುತ್ತದೆ, ಅಲ್ವಾ? ಒದ್ದೆ ಡೈಪರ್ ಅಂದರೆ ಒಂದಿಷ್ಟು ಮೂತ್ರ ಹೊರಗೆ ಬಂದಿದೆ ಎಂದಷ್ಟೇ. ಚೀಲ ಖಾಲಿಯಾಗಿದೆ ಎಂದಲ್ಲ.

ಎರಡನೇ ರಾತ್ರಿ ಡೈಪರ್ ಬದಲಿಸುತ್ತಿದ್ದ ನರ್ಸ್ ನನ್ನನ್ನು ಕರೆದರು. ವಾರ್ಡಿನಲ್ಲಿ ತುಂಬಾ ವರ್ಷ ಕಳೆದವರು. "ಡಾಕ್ಟ್ರೇ, ಈ ಮಗು ಉಚ್ಚೆ ಹೊಯ್ಯಲ್ಲ. ಸೋರುತ್ತೆ ಅಷ್ಟೇ" ಎಂದರು.

ಹೊಕ್ಕಳ ಕೆಳಗೆ ಕೈ ಇಟ್ಟೆ. ಗಟ್ಟಿ ಚೆಂಡಿನಂಥದ್ದು ಸಿಕ್ಕಿತು. ಆಗಷ್ಟೇ ಡೈಪರ್ ಒದ್ದೆಯಾಗಿತ್ತು, ಚೆಂಡು ಮಾತ್ರ ಕರಗಿರಲಿಲ್ಲ.

ತಡೆ ಎಲ್ಲಿ?

ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಮಾಡಿದೆವು. ಮೂತ್ರಚೀಲದ ಗೋಡೆ 6 ಮಿಲಿಮೀಟರ್ ದಪ್ಪ. ಚೀಲದ ಕೆಳಗೆ ನಾಳದ ಮೊದಲ ಭಾಗ ಉಬ್ಬಿಕೊಂಡು, ಎರಡೂ ಸೇರಿ ಬೀಗದ ಕೈ ತೂತಿನ ಆಕಾರದಲ್ಲಿ ಕಂಡವು. ಎರಡೂ ಕಿಡ್ನಿ ಉಬ್ಬಿದ್ದವು. ಎಡ ಕಿಡ್ನಿಯ ಹೊರಪದರ ತೆಳ್ಳಗಾಗಿ, ಇರಬೇಕಾದ್ದಕ್ಕಿಂತ ಬೆಳ್ಳಗೆ ಕಾಣುತ್ತಿತ್ತು.

ಇಲ್ಲಿ ಪದಗಳ ಬಗ್ಗೆ ಒಂದು ಮಾತು. ಕಿಡ್ನಿಯಿಂದ ಚೀಲಕ್ಕೆ ಬರುವ ಎರಡು ನಾಳಗಳಿಗೂ, ಚೀಲದಿಂದ ಹೊರಗೆ ಹೋಗುವ ಒಂದು ನಾಳಕ್ಕೂ ಕನ್ನಡದಲ್ಲಿ ಮೂತ್ರನಾಳ ಎಂದೇ ಬರೆದುಬಿಡುತ್ತೇವೆ. ಮೂತ್ರಕೋಶ ಎಂದರೆ ಕೆಲವರಿಗೆ ಕಿಡ್ನಿ, ಕೆಲವರಿಗೆ ಚೀಲ. ಮನೆಯವರಿಗೆ ವಿವರಿಸುವಾಗ ಇದರಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ. ಅದಕ್ಕೇ ನಾನು ಮೇಲಿನ ನಾಳ, ಕೆಳಗಿನ ನಾಳ ಎನ್ನುತ್ತೇನೆ. ಈ ಮಗುವಿಗೆ ತಡೆ ಇದ್ದದ್ದು ಕೆಳಗಿನ ನಾಳದಲ್ಲಿ, ಚೀಲದ ಬಾಯಿಯ ಸ್ವಲ್ಪ ಕೆಳಗೆ.

ಅಲ್ಲಿ ಇರಬಾರದ ತೆಳು ಪೊರೆಯ ಮಡಿಕೆ ಇರುತ್ತದೆ. ಮೂತ್ರ ಹೊರಗೆ ನುಗ್ಗಿದಾಗ ಹಾಯಿಯಂತೆ ಉಬ್ಬಿ ದಾರಿ ಮುಚ್ಚುತ್ತದೆ. ವೈದ್ಯರ ಮಾತಿನಲ್ಲಿ ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್. ಗಂಡು ಮಕ್ಕಳಲ್ಲಿ ಮಾತ್ರ ಬರುತ್ತದೆ, ಸುಮಾರು 5,000ದಿಂದ 8,000 ಗಂಡು ಮಕ್ಕಳಲ್ಲಿ ಒಂದಕ್ಕೆ. ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ಅಮೆರಿಕದ ಸರ್ಜನ್ ಮತ್ತು ಅವರ ಜೊತೆಗಾರರು 1919ರಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಾವು ಕಾಣುವುದು ಬಹುತೇಕ ಮೊದಲನೇ ಬಗೆಯನ್ನೇ.

ಪೊರೆ ಇಷ್ಟೇ ಇಷ್ಟು. ಹಾನಿ ಮಾತ್ರ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ. ತಡೆಯನ್ನು ದೂಡಿ ದೂಡಿ ಚೀಲದ ಗೋಡೆ ದಪ್ಪವಾಗುತ್ತದೆ. ಒತ್ತಡ ಮೇಲಿನ ನಾಳಗಳಿಗೆ, ಅಲ್ಲಿಂದ ಕಿಡ್ನಿಗೆ ಏರುತ್ತದೆ. ಕಿಡ್ನಿಯೊಳಗಿನ ಸೋಸುವ ಘಟಕಗಳು ಹುಟ್ಟುವುದು ಗರ್ಭದಲ್ಲೇ, ಸುಮಾರು 36ನೇ ವಾರದ ತನಕ. ಆಮೇಲೆ ಹೊಸದು ಹುಟ್ಟುವುದಿಲ್ಲ. ಆ ವಾರಗಳಲ್ಲಿ ಕಳೆದುಕೊಂಡದ್ದು ಮತ್ತೆ ಬರುವುದಿಲ್ಲ.

ರಕ್ತದ ವರದಿ ಬಂತು. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಅಂದರೆ ಕ್ರಿಯಾಟಿನಿನ್, 1.9, ಪೊಟ್ಯಾಸಿಯಂ 6.3, ಎರಡೂ ಹೆಚ್ಚು. ಬೈಕಾರ್ಬನೇಟ್ 15, ಕಡಿಮೆ. ಮೊದಲ ದಿನ ಕ್ರಿಯಾಟಿನಿನ್ 0.9 ಇತ್ತು. ಅದನ್ನು ನೋಡಿ ಕಿಡ್ನಿ ಸರಿ ಇದೆ ಎಂದು ನಾವು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಮನಸ್ಸಿನಲ್ಲಿ ಅಂದುಕೊಂಡಿದ್ದೆವು. ಮೊದಲ ಒಂದೆರಡು ದಿನ ಮಗುವಿನ ರಕ್ತದಲ್ಲಿ ಕಾಣುವ ಅಂಕಿ ತಾಯಿಯದ್ದು. ಮಗುವಿನ ಸ್ವಂತ ಲೆಕ್ಕ ಶುರುವಾಗುವುದು ಆಮೇಲೆ.

ಟ್ಯೂಬ್ ಹಾಕುವುದು ಸುಲಭದ ಕೆಲಸ ಎಂದುಕೊಂಡಿದ್ದೆ. 6 ಫ್ರೆಂಚ್ ಅಳತೆಯ ಫೀಡಿಂಗ್ ಟ್ಯೂಬ್ ಸಲೀಸಾಗಿ ಒಳಗೆ ಹೋಯಿತು. 3 ಮಿಲಿ ಮೂತ್ರ ಬಂದು ನಿಂತಿತು. ಟ್ಯೂಬ್ ಸರಿಯಾದ ಜಾಗದಲ್ಲಿದೆ ಎಂದು ಪ್ಲಾಸ್ಟರ್ ಅಂಟಿಸುವವನಿದ್ದೆ. ಅಷ್ಟರಲ್ಲಿ ಬಂದ ಮಕ್ಕಳ ಸರ್ಜನ್ ಅಲ್ಟ್ರಾಸೌಂಡ್ ಇಟ್ಟು ತೋರಿಸಿದರು. ಟ್ಯೂಬ್ ಚೀಲದೊಳಗೆ ಹೋಗಿಯೇ ಇರಲಿಲ್ಲ. ಉಬ್ಬಿದ ನಾಳದಲ್ಲಿ ಹಾವಿನಂತೆ ಸುತ್ತಿಕೊಂಡು ಕೂತಿತ್ತು. ಈ ಮಕ್ಕಳಲ್ಲಿ ಚೀಲದ ಬಾಯಿ ದಪ್ಪಗಾಗಿ ಎತ್ತರಕ್ಕೆ ಸರಿದಿರುತ್ತದೆ, ಟ್ಯೂಬ್ ಅಲ್ಲಿಗೆ ಹತ್ತದೆ ಕೆಳಗೇ ಮಡಚಿಕೊಳ್ಳುತ್ತದೆ. ತುದಿ ಸ್ವಲ್ಪ ಬಾಗಿದ ಬೇರೆ ಟ್ಯೂಬ್‌ನಿಂದ ಅವರು ಒಳಗೆ ತಲುಪಿದರು. 65 ಮಿಲಿ ಹೊರಬಂತು. ಹಸುಗೂಸಿನ ಚೀಲ ಹಿಡಿಯುವುದು ಸುಮಾರು 30 ಮಿಲಿ. ತುದಿಯಲ್ಲಿ ಬಲೂನ್ ಇರುವ ಫೋಲಿ ಟ್ಯೂಬ್ ಬೇಡ ಎಂದೂ ಹೇಳಿದರು. ದಪ್ಪ ಗೋಡೆಯ ಪುಟ್ಟ ಚೀಲ ಆ ಬಲೂನಿನ ಸುತ್ತ ಬಿಗಿದುಕೊಂಡು, ಮೇಲಿನ ನಾಳಗಳ ಬಾಯಿಯೇ ಮುಚ್ಚಿಹೋಗಬಹುದು.

ತಡೆ ಬಿಟ್ಟಿತು, ಇನ್ನು ಆರಾಮ ಎನ್ನುವಂತಿಲ್ಲ. ಮುಂದಿನ ಮೂರು ದಿನ ಮೂತ್ರ ಹೊಳೆಯಂತೆ ಹರಿಯಿತು, ಗಂಟೆಗೆ ಕಿಲೋಗೆ 10 ಮಿಲಿಯ ತನಕ. ಒತ್ತಡದಲ್ಲಿ ಬೆಂದ ಕಿಡ್ನಿಗೆ ನೀರನ್ನೂ ಉಪ್ಪನ್ನೂ ಹಿಡಿದಿಡಲು ಬರುವುದಿಲ್ಲ. ಹೋದದ್ದನ್ನು ಅಳೆದು ಅಳೆದು ರಕ್ತನಾಳದಲ್ಲಿ ತುಂಬಿದೆವು. ಆದರೂ ಸೋಡಿಯಂ 128ಕ್ಕೆ ಇಳಿಯಿತು. ದಿನಕ್ಕೆ ಮೂರು ಸಲ ತೂಕ ಹಾಕಿದೆವು. ಐದನೇ ದಿನ ಕ್ರಿಯಾಟಿನಿನ್ 1.4ಕ್ಕೆ ಬಂತು. 12ನೇ ದಿನ 0.9, ಈ ಸಲ ಮಗುವಿನದೇ.

ಏಳನೇ ದಿನ ಎಂಸಿಯು ಮಾಡಿದೆವು. ಚೀಲಕ್ಕೆ ಬಣ್ಣದ ದ್ರವ ತುಂಬಿ, ಮಗು ಉಚ್ಚೆ ಮಾಡುವಾಗ ಎಕ್ಸ್‌ರೇ ತೆಗೆಯುವ ಪರೀಕ್ಷೆ ಅದು. ಪೊರೆ ಖಚಿತವಾಯಿತು. ಎಡಗಡೆ ಮೂತ್ರ ಹಿಂದಕ್ಕೆ ಕಿಡ್ನಿಯ ತನಕ ಚಿಮ್ಮುತ್ತಿತ್ತು, ಐದನೇ ದರ್ಜೆ, ಅಂದರೆ ಅತಿ ಹೆಚ್ಚಿನದು. 13ನೇ ದಿನ ಸಣ್ಣ ದುರ್ಬೀನು ಹಾಕಿ ಪೊರೆಯನ್ನು ಕತ್ತರಿಸಿದರು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 5 ಮತ್ತು 7ರ ಜಾಗದಲ್ಲಿ ಎರಡು ಗೀರು. ದುರ್ಬೀನು ಹೋಗದಷ್ಟು ನಾಳ ಸಣ್ಣದಿದ್ದಿದ್ದರೆ ಹೊಟ್ಟೆಯ ಮೇಲೆಯೇ ಚೀಲಕ್ಕೆ ತಾತ್ಕಾಲಿಕ ಬಾಯಿ ತೆರೆಯಬೇಕಾಗುತ್ತಿತ್ತು. ಅದು ಬೇಕಾಗಲಿಲ್ಲ.

ಪಾದ ತಪ್ಪಾಗಿ ಬೆಳೆದದ್ದೇ, ಒತ್ತಿಹೋದದ್ದೇ?

ಪಾದಕ್ಕೂ ಮೂತ್ರದ ತಡೆಗೂ ಏನು ಸಂಬಂಧ ಎಂದು ತಂದೆ ಕೇಳಿದರು. ಈ ಪ್ರಕರಣದಲ್ಲಿ ಅದೇ ನಿಜವಾದ ಪ್ರಶ್ನೆ. ಅವರು ಮೂರನೇ ದಿನ ಕೇಳಿದ್ದನ್ನು ನಾವು ಮೊದಲ ಗಂಟೆಯಲ್ಲೇ ಕೇಳಿಕೊಳ್ಳಬೇಕಿತ್ತು.

ಕೈಕಾಲಿನ ಮೊಗ್ಗು ಮೂಡುವುದು ನಾಲ್ಕನೇ ವಾರದ ಕೊನೆಗೆ. ಎಂಟನೇ ವಾರ ಮುಗಿಯುವಷ್ಟರಲ್ಲಿ ಬೆರಳುಗಳು ಬೇರೆ ಬೇರೆಯಾಗಿರುತ್ತವೆ. ಮಗುವಿನ ಮೂತ್ರ ಗರ್ಭದ ನೀರಿನ ಬಹುಪಾಲು ಆಗುವುದು 16ನೇ ವಾರದ ಆಸುಪಾಸು. ಈ ಎರಡು ಕಾಲವನ್ನು ಪಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಸಿಕ್ಕಂತೆ. ಬೆರಳೇ ಇಲ್ಲ, ಹೆಬ್ಬೆಟ್ಟು ಇಲ್ಲ, ಮುಂಗೈಯ ಒಂದು ಮೂಳೆ ಇಲ್ಲ ಎಂದಾದರೆ ಅದಕ್ಕೆ ನೀರಿನ ಕೊರತೆಯನ್ನು ದೂರಬಾರದು. ನೀರು ಕಡಿಮೆಯಾಗುವ ಎಷ್ಟೋ ಮುಂಚೆಯೇ ಅಲ್ಲಿ ಕೆಲಸ ಕೆಟ್ಟಿರುತ್ತದೆ. ಆಗ ಮೂತ್ರದ ದಾರಿಯನ್ನೂ ಕೈಯನ್ನೂ ಒಟ್ಟಿಗೆ ಕೆಡಿಸಿದ ಬೇರೊಂದು ಕಾರಣ ಹುಡುಕಬೇಕು. ಎಲ್ಲ ಮೂಳೆಯೂ ಇದ್ದು, ಬಾಗಿದೆ ಅಥವಾ ಮರಗಟ್ಟಿದೆ ಎಂದಾದರೆ ಒತ್ತಡದ ಅನುಮಾನ ಬರುತ್ತದೆ. ನೀರಿಲ್ಲದ ಗರ್ಭದ ಗೋಡೆ ಮಗುವಿಗೆ ಅಂಟಿಕೊಂಡಂತೆ ಇರುತ್ತದೆ. ಕಾಲು ಮಡಚಿದ್ದು ಮಡಚಿದಂತೆಯೇ ಉಳಿಯುತ್ತದೆ. ಮಂಡಿಯ ಆ ಗುಳಿಯೂ ಹಾಗೆ ಒತ್ತಿ ಒತ್ತಿ ಆದದ್ದೇ.

ಚಪ್ಪಟೆ ಕಿವಿ, ಒಳಗೆ ಸರಿದ ಗದ್ದ, ಬಾಗಿದ ಪಾದ, ಸಣ್ಣ ಶ್ವಾಸಕೋಶ. ಈ ಗುಂಪನ್ನು ಪಾಟರ್ ಸರಣಿ ಎನ್ನುತ್ತಾರೆ. ಈಡಿತ್ ಪಾಟರ್ ಎಂಬ ಅಮೆರಿಕದ ರೋಗತಜ್ಞೆ 1946ರಲ್ಲಿ ಎರಡೂ ಕಿಡ್ನಿ ಇಲ್ಲದೆ ಹುಟ್ಟಿದ ಮಕ್ಕಳ ಮುಖಲಕ್ಷಣವನ್ನು ವಿವರಿಸಿದ್ದರು. ಕಿಡ್ನಿ ಇಲ್ಲದಿದ್ದರೂ ಅಷ್ಟೇ, ಇದ್ದು ದಾರಿ ಕಟ್ಟಿದರೂ ಅಷ್ಟೇ, ನೀರು ಹೋದರೆ ಮಗುವಿನ ಮೇಲೆ ಬೀಳುವ ಅಚ್ಚು ಒಂದೇ. ಇದರಲ್ಲಿ ಜೀವಕ್ಕೆ ಎರವಾಗುವುದು ಶ್ವಾಸಕೋಶ. ನಮ್ಮ ಮಗುವಿಗೆ 20ನೇ ವಾರದಲ್ಲಿ ನೀರು ಸಾಕಷ್ಟಿತ್ತು. ಶ್ವಾಸಕೋಶ ಕವಲೊಡೆದು ಬೆಳೆಯಲು ನೀರು ಬಹಳ ಬೇಕಾದ ವಾರಗಳು ಬಹುಶಃ ಹಾಗೇ ದಾಟಿದವು. ಮೂರನೇ ದಿನ ಸಿಪ್ಯಾಪ್ ತೆಗೆದಾಗ ಅದು ಸುಮ್ನೆ ಉಸಿರಾಡುತ್ತಾ ಮಲಗಿತ್ತು.

ಪಟ್ಟಿ ಹಿಡಿದು ಬೇರೆ ಕಾರಣಗಳನ್ನು ಒಂದೊಂದಾಗಿ ಬಿಟ್ಟೆವು. ಎರಡೂ ಹೆಬ್ಬೆಟ್ಟು ಇದ್ದವು, ಮುಂಗೈ ಮೂಳೆಗಳು ಸರಿ ಇದ್ದವು. ಬೆನ್ನುಮೂಳೆಯ ಎಕ್ಸ್‌ರೇ ಸರಿ, ಹೃದಯದ ಎಕೋ ಸರಿ, ಗುದದ್ವಾರ ಇತ್ತು, ಬಾಯಿಂದ ಹಾಕಿದ ಟ್ಯೂಬ್ ಹೊಟ್ಟೆ ತಲುಪಿತ್ತು. ಇವುಗಳಲ್ಲಿ ಕನಿಷ್ಠ ಮೂರು ಕಡೆ ತೊಂದರೆ ಒಟ್ಟಿಗಿದ್ದರೆ ವ್ಯಾಕ್ಟರಲ್ ಎಂಬ ಹೆಸರು ಬೀಳುತ್ತಿತ್ತು. ಹೊಟ್ಟೆಯ ಸ್ನಾಯು ಗಟ್ಟಿ ಇತ್ತು, ಎರಡೂ ವೃಷಣ ಕೆಳಗೆ ಇಳಿದಿದ್ದವು. ಹಾಗಾಗಿ ಪ್ರೂನ್ ಬೆಲ್ಲಿ ಸಿಂಡ್ರೋಮ್ ಅಲ್ಲ. ಅದರಲ್ಲಿ ಹೊಟ್ಟೆಯ ಸ್ನಾಯುವೇ ಇರದೆ ಚರ್ಮ ಒಣಹಣ್ಣಿನಂತೆ ಸುಕ್ಕುಗಟ್ಟಿರುತ್ತದೆ. ಅಪರೂಪಕ್ಕೆ ಅಂಥ ಮಕ್ಕಳಲ್ಲಿ ಒಂದು ಕಾಲಿನ ಕೆಳಭಾಗವೇ ಇಲ್ಲದಿರುವುದೂ ಉಂಟು. ಹಿಗ್ಗಿದ ಚೀಲ ಕಾಲಿಗೆ ಹೋಗುವ ರಕ್ತನಾಳವನ್ನು ಒತ್ತಿದ್ದರಿಂದ ಹಾಗಾಗುತ್ತದೆ ಎಂಬ ವಿವರಣೆ ಇದೆ. ಕ್ರೋಮೋಸೋಮ್ ಪರೀಕ್ಷೆಯನ್ನೂ ಕಳಿಸಿದೆವು. ಸರಿ ಬಂತು.

ಉಳಿದದ್ದು ಪಾದಗಳು. ಇಲ್ಲಿ ಪ್ರಕರಣ ಸ್ವಲ್ಪ ತಕರಾರು ಮಾಡಿತು. ಬಲ ಪಾದವನ್ನು ಮೆಲ್ಲಗೆ ಹಿಡಿದು ಹೊರಕ್ಕೆ ತಿರುಗಿಸಿದರೆ ನೇರವಾಗುತ್ತಿತ್ತು. ಅದು ಒತ್ತಿ ಬಾಗಿದ ಪಾದ, ಸಂಶಯವಿಲ್ಲ. ಎಡ ಪಾದ ಜಗ್ಗಲಿಲ್ಲ. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿತ್ತು, ಅಂಗಾಲಿನ ನಡುವೆ ಆಳವಾದ ಗೆರೆ ಇತ್ತು. ಪಾದ ಎಷ್ಟು ಸೊಟ್ಟಗಿದೆ ಎಂದು ಅಳೆಯುವ ಪಿರಾನಿ ಅಂಕದಲ್ಲಿ 6ಕ್ಕೆ 5. ನಿಜವಾದ ಕ್ಲಬ್ ಫೂಟ್. ಫೈಲಿನಲ್ಲಿ ಯಾರೋ "ಎರಡೂ ಪಾದ, ನೀರಿನ ಕೊರತೆಯಿಂದ" ಎಂದು ಬರೆದಿದ್ದರು. ಎಡ ಪಾದಕ್ಕೂ ನೀರನ್ನೇ ಹೊಣೆ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ಕ್ಲಬ್ ಫೂಟ್ ಸಾವಿರಕ್ಕೆ ಒಂದು ಮಗುವಿಗೆ ಹೇಗೂ ಬರುತ್ತದೆ, ನೀರು ತುಂಬಿರುವ ಗರ್ಭದಲ್ಲೂ. ಒಂದೇ ಮಗುವಿಗೆ ಎರಡು ಬೇರೆ ಕಾರಣದ ಪಾದ ಇರಬಾರದು ಎಂದು ಯಾವ ಕಾನೂನು ಇದೆ? ಹೀಗೆ ಬಿಡಿಸಿ ನೋಡಿದ್ದರಿಂದ ಚಿಕಿತ್ಸೆಯೂ ಬೇರೆಯಾಯಿತು. ಬಲಕ್ಕೆ ದಿನವೂ ಕೈಯಿಂದ ನೀವಿ ಎಳೆಯುವುದು ಸಾಕಾಯಿತು. ಎಡಕ್ಕೆ ಸಾಕಾಗಲಿಲ್ಲ.

ಪ್ಲಾಸ್ಟರ್ ಮತ್ತು ಜ್ವರ

ಮೂಳೆ ಡಾಕ್ಟರಿಗೆ ಮೊದಲ ವಾರದಲ್ಲೇ ಶುರು ಮಾಡುವ ಆಸೆ. ಬೇಗ ಶುರುವಾದರೆ ಎಳೆ ಪಾದ ಚೆನ್ನಾಗಿ ಬಗ್ಗುತ್ತದೆ, ಅವರ ಮಾತು ತಪ್ಪಲ್ಲ. ನಮಗೆ ಆ ಕಾಲೇ ಬೇಕಿತ್ತು. ಸೂಜಿ ಹಾಕುವುದು, ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವುದು ಎಲ್ಲ ಅಲ್ಲೇ. ದೇಹದ ನೀರು ಗಂಟೆಗಂಟೆಗೆ ಏರಿಳಿಯುವ ಮಗುವಿನ ಕಾಲು ಊದಿಕೊಂಡರೆ ಪ್ಲಾಸ್ಟರ್ ಒಳಗೆ ಬಿಗಿಯಾಗುತ್ತದೆ. ಸ್ವಲ್ಪ ಗುದ್ದಾಟವೇ ನಡೆಯಿತು. ಕೊನೆಗೆ ಮೂರನೇ ವಾರಕ್ಕೆ ಶುರು ಎಂದು ಒಪ್ಪಿದೆವು. ಪಾದಕ್ಕೆ ಎರಡು ವಾರ ತಡವಾದರೆ ನಷ್ಟವಿಲ್ಲ. ಕಿಡ್ನಿಗೆ ಎರಡು ದಿನ ತಡವಾದರೂ ಉಂಟು.

ಪೊನ್ಸೆಟಿ ವಿಧಾನ. ಸ್ಪೇನ್‌ನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಇಗ್ನಾಸಿಯೋ ಪೊನ್ಸೆಟಿ ರೂಪಿಸಿದ್ದು. ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಸ್ವಲ್ಪ ತಿರುಗಿಸಿ, ತೊಡೆಯ ತನಕ ಪ್ಲಾಸ್ಟರ್ ಹಾಕುತ್ತಾರೆ. ಮುಂದಿನ ವಾರ ಬಿಚ್ಚಿ, ಇನ್ನಷ್ಟು ತಿರುಗಿಸಿ, ಮತ್ತೆ ಹಾಕುತ್ತಾರೆ. ನಮ್ಮ ಮಗುವಿಗೆ ಆರು ಪ್ಲಾಸ್ಟರ್ ಆದವು. ಕೊನೆಗೆ ಹಿಮ್ಮಡಿಯ ನರ, ನಿಜ ಹೇಳಬೇಕೆಂದರೆ ನರವಲ್ಲ ಸ್ನಾಯುರಜ್ಜು, ಅದನ್ನು ಸಣ್ಣ ಗೀರಿನಿಂದ ಬಿಡಿಸಿ ಮೂರು ವಾರದ ಇನ್ನೊಂದು ಪ್ಲಾಸ್ಟರ್.

ಹೇಳಿಕೊಡುವವರಿಲ್ಲದ ಒಂದು ತೊಂದರೆ ಇಲ್ಲಿ ಬಂತು. ಈ ಮಗು ಎಲ್ಲ ಮಕ್ಕಳಂತೆ ಉಚ್ಚೆ ಮಾಡುತ್ತಿರಲಿಲ್ಲ. ಕಿಡ್ನಿ ನೀರು ಹಿಡಿಯದ ಕಾರಣ ಡೈಪರ್ ಗಂಟೆಗೊಮ್ಮೆ ತುಂಬುತ್ತಿತ್ತು, ತೊಡೆಯ ಪ್ಲಾಸ್ಟರ್ ನೆನೆದು ಮೆತ್ತಗಾಗುತ್ತಿತ್ತು. ಎರಡನೇ ಪ್ಲಾಸ್ಟರ್ ಮೂರೇ ದಿನಕ್ಕೆ ಜಾರಿತು. ಕೊನೆಗೆ ತಾಯಿಯೇ ದಾರಿ ಕಂಡುಕೊಂಡರು. ಸಣ್ಣ ಅಳತೆಯ ಡೈಪರ್ ಒಳಗೆ ಬಿಗಿಯಾಗಿ, ದೊಡ್ಡದು ಅದರ ಮೇಲೆ, ಪ್ಲಾಸ್ಟರ್ ಅಂಚಿಗೆ ನೀರು ಹಿಡಿಯದ ಟೇಪು. ಈಗ ಇಂಥ ಬೇರೆ ಮಕ್ಕಳ ಮನೆಯವರಿಗೂ ನಾನು ಅದನ್ನೇ ಹೇಳಿಕೊಡುತ್ತೇನೆ.

ನಾಲ್ಕನೇ ಪ್ಲಾಸ್ಟರ್ ಹಾಕಿದ ಎರಡನೇ ದಿನ ಮಗುವನ್ನು ಎತ್ತಿಕೊಂಡು ಓಡಿ ಬಂದರು. ಹಾಲು ಬಿಟ್ಟಿದೆ, ಒಂದೇ ಸಮ ಅಳು. "ಪ್ಲಾಸ್ಟರ್ ಬಿಗಿಯಾಗಿದೆ, ಬಿಚ್ಚಿ" ಎಂದರು ಅಜ್ಜಿ. ಅನುಮಾನ ನ್ಯಾಯವಾದದ್ದೇ. ಬಿಚ್ಚಿದೆವು. ಬೆರಳುಗಳು ಬೆಚ್ಚಗೆ, ಗುಲಾಬಿ ಬಣ್ಣದಲ್ಲಿದ್ದವು. ಆದರೆ ಮೈ ಬಿಸಿ ಇತ್ತು, 38.6 ಸೆಲ್ಸಿಯಸ್. ಈ ಸಲ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೇ ಟ್ಯೂಬ್ ಹಾಕಿ ಮೂತ್ರ ತೆಗೆದು ಪರೀಕ್ಷೆಗೆ ಕಳಿಸಿದ್ದೆ. ಎರಡು ದಿನದ ನಂತರ ಅದರಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಅಷ್ಟರೊಳಗೆ ಆಂಟಿಬಯಾಟಿಕ್ ಶುರುವಾಗಿತ್ತು. ಸೋಂಕು ತಡೆಯಲು ದಿನಕ್ಕೊಂದು ಸಣ್ಣ ಡೋಸ್ ಔಷಧ ಮುಂಚಿನಿಂದ ಇದ್ದರೂ ಸೋಂಕು ಬಂದದ್ದರಿಂದ, ಚೇತರಿಸಿಕೊಂಡ ಮೇಲೆ ಮುಂದೊಗಲು ತೆಗೆಯುವ ಚಿಕ್ಕ ಆಪರೇಷನ್ ಮಾಡಿದರು. ಅದರಿಂದ ಈ ಮಕ್ಕಳಲ್ಲಿ ಮೂತ್ರದ ಸೋಂಕು ಕಡಿಮೆಯಾಗುತ್ತದೆ.

ಸೊಂಟದ ಆ ಕಟಕ್ ಆರನೇ ವಾರದ ಅಲ್ಟ್ರಾಸೌಂಡ್‌ನಲ್ಲಿ ಕಾಣಲಿಲ್ಲ. ಕೀಲು ತಾನಾಗಿ ಬಿಗಿಯಾಗಿತ್ತು.

ತಾಯಿ ಕೇಳಿದ್ದು

ಡಿಸ್ಚಾರ್ಜ್ ದಿನ ತಾಯಿ ಒಬ್ಬರೇ ಬಂದು ಕೇಳಿದರು. "ನಾನು ನೀರು ಕಡಿಮೆ ಕುಡಿದೆನಾ ಡಾಕ್ಟ್ರೇ?" ಅಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಸುಮ್ನೆ ಕೊಟ್ಟ ಒಂದು ಸಲಹೆ ಎಷ್ಟು ದಿನ ಚುಚ್ಚಬಹುದು ಎಂದು ಆವತ್ತು ಗೊತ್ತಾಯಿತು. ಕಾಗದದ ಮೇಲೆ ಕಿಡ್ನಿ, ಚೀಲ, ಪೊರೆ ಬರೆದು ತೋರಿಸಿದೆ. ಆ ಪೊರೆ ಮೂಡುವುದು ಮಗುವಿನ ದೇಹ ಕಟ್ಟಿಕೊಳ್ಳುವ ಮೊದಲ ತಿಂಗಳುಗಳಲ್ಲಿ. ಅವರು ಕುಡಿದದ್ದು, ಉಂಡದ್ದು, ಮಾಡಿದ ಕೆಲಸ ಯಾವುದೂ ಅದನ್ನು ತಂದಿಲ್ಲ.

ಇನ್ನೊಂದು ಪ್ರಶ್ನೆ ತಂದೆಯದು. ಮುಂಚೆಯೇ ಗೊತ್ತಾಗಿದ್ದರೆ? ಗರ್ಭದಲ್ಲಿರುವಾಗಲೇ ಮಗುವಿನ ಚೀಲದಿಂದ ಗರ್ಭದ ನೀರಿಗೆ ಸಣ್ಣ ಕೊಳವೆ ಇಡುವ ಚಿಕಿತ್ಸೆ ಇದೆ. ಅದನ್ನು ಪರೀಕ್ಷಿಸಿದ ಪ್ಲೂಟೋ ಎಂಬ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸಾಕಷ್ಟು ಜನ ಸೇರದೆ 31 ಗರ್ಭಿಣಿಯರಿಗೇ ನಿಂತುಹೋಯಿತು. ಕೊಳವೆ ಇಟ್ಟ ಗುಂಪಿನಲ್ಲಿ ಹೆಚ್ಚು ಮಕ್ಕಳು ಬದುಕಿದಂತೆ ಕಂಡರೂ, ಎರಡು ವರ್ಷಕ್ಕೆ ಕಿಡ್ನಿ ಚೆನ್ನಾಗಿ ಉಳಿದವರು ತೀರಾ ಕಡಿಮೆ. ನೀರು ಬೇಗನೆ ಹೋಗಿ ಶ್ವಾಸಕೋಶಕ್ಕೆ ಅಪಾಯ ಬಂದಾಗ ಯೋಚಿಸುವ ದಾರಿ ಅದು. ಈ ಮಗುವಿಗೆ ಅದು ಬೇಕಿರಲಿಲ್ಲ. ಬೇಕಿದ್ದದ್ದು 34ನೇ ವಾರದ ಆ ಸ್ಕ್ಯಾನಿಂಗ್, ಮತ್ತು ಮೊದಲ ಗಂಟೆಯಲ್ಲೇ ಒಂದು ಟ್ಯೂಬ್. ಕಿಡ್ನಿಯ ಹೆಚ್ಚಿನ ಹಾನಿ ಗರ್ಭದಲ್ಲೇ ಆಗಿತ್ತು. ನಮ್ಮ 38 ಗಂಟೆ ಅದಕ್ಕೆ ಎಷ್ಟು ಸೇರಿಸಿತು ಎಂದು ತೂಗಿ ಹೇಳಲಾಗದು. ಸೊನ್ನೆ ಎಂದು ಮಾತ್ರ ನಾನು ಹೇಳಲಿಲ್ಲ. ತಂದೆ ಕೋಪ ಮಾಡಿಕೊಂಡರು. ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಐದು ವರ್ಷ

ಪ್ಲಾಸ್ಟರ್ ಮುಗಿದ ಮೇಲೆ ಎರಡು ಬೂಟುಗಳ ನಡುವೆ ಸರಳು ಇರುವ ಬ್ರೇಸ್. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಲಗುವಾಗ ಮಾತ್ರ, ನಾಲ್ಕು ವರ್ಷದ ತನಕ. ಪಾದ ನೇರ ಕಂಡ ಮೇಲೆ ಬ್ರೇಸ್ ಬಿಡುವ ಮನೆಗಳೇ ಜಾಸ್ತಿ, ಪಾದ ಮತ್ತೆ ತಿರುಗುವುದೂ ಆಗಲೇ. ಇವರು ಬಿಡಲಿಲ್ಲ. ಮಗು 14 ತಿಂಗಳಿಗೆ ನಡೆಯಿತು.

ಅದೇ ಸಮಯದಲ್ಲಿ ಭೇಟಿಗಳು ತಪ್ಪತೊಡಗಿದವು. ಕಾಲು ಸರಿಯಾಯಿತು, ಇನ್ನೇನು ಎಂಬ ಭಾವ. ಆಗ ಮಾಡಿದ ಪರೀಕ್ಷೆಯಲ್ಲಿ ಎಡ ಕಿಡ್ನಿ ಒಟ್ಟು ಕೆಲಸದ 18 ಪ್ರತಿಶತ ಮಾತ್ರ ಮಾಡುತ್ತಿತ್ತು. ಒತ್ತಡವನ್ನು ತಾನು ನುಂಗಿ ಬಲ ಕಿಡ್ನಿಯನ್ನು ಉಳಿಸಿತು ಎಂದು ಹಿಂದಿನವರು ಸಮಾಧಾನ ಹೇಳುತ್ತಿದ್ದರು. ದೀರ್ಘಕಾಲ ಗಮನಿಸಿದಾಗ ಆ ರಕ್ಷಣೆ ಅಷ್ಟು ಗಟ್ಟಿಯಲ್ಲ ಎಂದು ಕಂಡಿದೆ. ಒಂದು ವರ್ಷದ ಕ್ರಿಯಾಟಿನಿನ್ 0.7 ಇತ್ತು. ಮೊದಲ ವರ್ಷದಲ್ಲಿ ಅದು 0.8ಕ್ಕಿಂತ ಕೆಳಗೆ ಇಳಿದರೆ ಒಳ್ಳೆಯ ಸೂಚನೆ. ಸೂಚನೆ ಅಷ್ಟೇ, ಖಾತ್ರಿಯಲ್ಲ. ತಂದೆಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಮುಂದಿನ ವಾರ ಬಂದರು.

ನಾಲ್ಕು ವರ್ಷವಾದಾಗ ಚೀಲ ತನ್ನ ಹಳೆಯ ಕಥೆ ಹೇಳತೊಡಗಿತು. ಹಗಲಲ್ಲೂ ಚಡ್ಡಿ ಒದ್ದೆ. ಶಾಲೆಯಲ್ಲಿ ಸೋಮಾರಿ ಎಂದರಂತೆ. ಸೋಮಾರಿತನವಲ್ಲ. ಪೊರೆ ಹೋದರೂ ಚೀಲದ ಗೋಡೆ ದಪ್ಪವಾಗಿಯೇ ಉಳಿದಿದೆ, ಹಿಗ್ಗುವುದಿಲ್ಲ, ಪೂರ್ತಿ ಖಾಲಿಯಾಗುವುದೂ ಇಲ್ಲ. ಚೀಲವನ್ನು ಸಡಿಲಿಸುವ ಆಕ್ಸಿಬ್ಯೂಟಿನಿನ್ ಶುರು ಮಾಡಿದೆವು. ಎರಡು ಗಂಟೆಗೊಮ್ಮೆ ಗಡಿಯಾರ ನೋಡಿ ಹೋಗುವುದು. ಹೋಗಿ ಬಂದು ಐದು ನಿಮಿಷಕ್ಕೆ ಮತ್ತೊಮ್ಮೆ ಹೋಗುವುದು, ಆಗ ಮೇಲಿನ ನಾಳಗಳಿಂದ ವಾಪಸ್ ಇಳಿದ ಮೂತ್ರವೂ ಹೊರಬೀಳುತ್ತದೆ. ವಾಂತಿ ಭೇದಿ ಆದರೆ ಕಾಯದೆ ಬರಬೇಕು, ಈ ಹುಡುಗನ ಕಿಡ್ನಿಗೆ ನೀರು ಉಳಿಸಿಕೊಳ್ಳುವ ಗುಣವೇ ಕಡಿಮೆ. ರಕ್ತದೊತ್ತಡ ಪ್ರತಿ ಸಲ ನೋಡುತ್ತೇವೆ.

ಅಜ್ಜಿ ಒಂದು ಪುಸ್ತಕ ಇಟ್ಟಿದ್ದಾರೆ. ಮೊದಲ ಪುಟಗಳಲ್ಲಿ ಪ್ರತಿ ಪ್ಲಾಸ್ಟರ್ ಬಿಚ್ಚಿದ ದಿನ ಪೆನ್ಸಿಲಿನಿಂದ ಸುತ್ತು ಹಾಕಿದ ಪುಟ್ಟ ಪಾದದ ಗುರುತು, ಒಂದಕ್ಕಿಂತ ಒಂದು ನೇರ. ಆಮೇಲೆ ಬಹಳ ಪುಟ ಖಾಲಿ. ಹೋದ ವರ್ಷದಿಂದ ಅದರಲ್ಲಿ ಅಂಕಿಗಳು ಬಂದಿವೆ. ಬೆಳಗ್ಗೆ 7, 90 ಮಿಲಿ, ಎರಡನೇ ಸಲ 35. ಒಂಬತ್ತು ಗಂಟೆ, 80 ಮಿಲಿ, ಎರಡನೇ ಸಲ 40. ಕಳೆದ ಭೇಟಿಯಲ್ಲಿ ಹುಡುಗ ಕಾರಿಡಾರಿನಲ್ಲಿ ಓಡಿ ಬಂದು ನನ್ನ ಮೇಜಿಗೆ ಗುದ್ದಿದ. ಕಾಲು ನೋಡಿ ಎಂದು ತಂದೆ ನಕ್ಕರು. ಅಜ್ಜಿ ಅಷ್ಟರಲ್ಲಿ ಪುಸ್ತಕ ತೆರೆದು, ಎರಡನೇ ಸಲದ ಅಂಕಿಗಳ ಮೇಲೆ ಬೆರಳಿಟ್ಟು ಕೇಳಿದರು: "ಇದು ಇನ್ನೂ ಜಾಸ್ತಿಯೇ ಇದೆ, ಅಲ್ವಾ?"

ಹೌದು, ಜಾಸ್ತಿ ಇತ್ತು. ಚೀಲದ ಒತ್ತಡ ಅಳೆಯುವ ಪರೀಕ್ಷೆಗೆ ದಿನ ಗೊತ್ತುಮಾಡಿ ಬರೆದುಕೊಟ್ಟೆ.